ಕೈಚೀಲದ ರಸೀದಿಯೂ ಹತ್ತೊಂಬತ್ತು ಪತ್ರಗಳೂ

ಮಾನ್ಯ ಸಂಪಾದಕರಿಗೆ,

ಸಪ್ರೇಮ ನಮಸ್ಕಾರಗಳು.

ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಈಚೆಗೆ ಓದುಗರೊಬ್ಬರು, ಹಗಲೆಲ್ಲ ಸುದ್ದಿ ವಾಹಿನಿಗಳಲ್ಲಿ ಕಾಣುವ ರಾಜಕೀಯವೇ ಸಾಕಾಗಿ ಹೋಗಿರುವಾಗ ಸಂಜೆಯ ಧಾರಾವಾಹಿಗಳಲ್ಲಾದರೂ ಅದರ ಗೊಡವೆ ಬೇಡವೆಂದು ಬರೆದಿದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ನಾನೂ ಸುದ್ದಿ ವಾಹಿನಿಗಳ ಧ್ವನಿಯನ್ನು ಸೊನ್ನೆಗಿಳಿಸಿ ಕೂಡುವವನೇ. ಆದರೆ ಕಳೆದ ದೀಪಾವಳಿಯಿಂದೀಚೆಗೆ ನಾನೂ ನನ್ನ ಮನೆಯವರೂ ರಾತ್ರಿಯ ಊಟವಾದ ಮೇಲೆ ಡೆನ್ಮಾರ್ಕ್ ದೇಶದ ರಾಜಕೀಯ ಧಾರಾವಾಹಿಯೊಂದನ್ನು ಡಿ.ವಿ.ಡಿ.ಯಲ್ಲಿ ನೋಡುತ್ತ ಬಂದಿದ್ದು, ಆ ಅನುಭವದಿಂದ ನನ್ನ ಅಭಿಪ್ರಾಯ ಅವರದಕ್ಕೆ ನೇರ ವಿರುದ್ಧವಾಗಿದೆ. ನಮ್ಮ ಧಾರಾವಾಹಿಗಳಲ್ಲಿ ಇರುವ ಕೊರತೆಯೇ ರಾಜಕೀಯದ್ದು; ಅಂದರೆ ಜಗಳದ ರಾಜಕೀಯವಲ್ಲ, ಸರಕಾರ ಹೇಗೆ ಕಟ್ಟಿಕೊಳ್ಳುತ್ತದೆ, ಹೇಗೆ ಕೆಡವಿಕೊಳ್ಳುತ್ತದೆ ಎಂಬುದನ್ನು ಕೂತು ತೋರಿಸುವ ರಾಜಕೀಯದ್ದು.

ಧಾರಾವಾಹಿಯ ಹೆಸರು ‘ಬೋರ್ಗೆನ್’. ಕೋಟೆ ಎಂದು ಅರ್ಥ. ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಯನ್ನು ಅಲ್ಲಿಯ ಜನ ಹಾಗೆ ಕರೆಯುತ್ತಾರಂತೆ. ಅಲ್ಲಿಯ ಸಂಸತ್ತು, ಪ್ರಧಾನಮಂತ್ರಿಯ ಕಚೇರಿ, ಸುಪ್ರೀಂ ಕೋರ್ಟು ಮೂರೂ ಆ ಒಂದೇ ಕಟ್ಟಡದಲ್ಲಿವೆ. ಡೇನಿಷ್ ನಟರು ಆ ಹೆಸರನ್ನು ಹೇಳುವಾಗ ಅದರಲ್ಲಿರುವ ಗಕಾರ ಕಿವಿಗೆ ಬೀಳುವುದೇ ಇಲ್ಲ ಎಂಬುದು ಬೇರೆ ಮಾತು. ಅಲ್ಲಿಯ ಸಾರ್ವಜನಿಕ ವಾಹಿನಿ ಡಿ.ಆರ್. ಇದನ್ನು 2010ರಿಂದ 2013ರವರೆಗೆ ಹತ್ತು ಹತ್ತು ಕಂತುಗಳ ಮೂರು ಸರಣಿಗಳಾಗಿ ಪ್ರಸಾರ ಮಾಡಿತು. ಮಧ್ಯಮ ಮಾರ್ಗದ ಸಣ್ಣ ಪಕ್ಷವೊಂದರ ನಾಯಕಿ ಬಿರ್ಗಿಟ್ಟೆ ನ್ಯೂಬೋರ್ಗ್ ಎಂಬಾಕೆ, ತಾನೂ ನಿರೀಕ್ಷಿಸದ ರೀತಿಯಲ್ಲಿ, ದೇಶದ ಮೊದಲ ಮಹಿಳಾ ಪ್ರಧಾನಿಯಾಗುವುದು ಕಥೆ. ಮೊದಲ ಸರಣಿ ಮುಗಿದ ಮರುವರ್ಷ, 2011ರ ಅಕ್ಟೋಬರಿನಲ್ಲಿ, ಡೆನ್ಮಾರ್ಕಿಗೆ ನಿಜವಾಗಿಯೂ ಮೊದಲ ಮಹಿಳಾ ಪ್ರಧಾನಿ ಬಂದರು.

ಈ ತಟ್ಟೆಗಳು ನಮ್ಮ ಮನೆಗೆ ಬಂದದ್ದು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನಿಂದ. ಹಾಕಿದ ಮೊದಲ ದಿನ ನಮ್ಮ ಪ್ಲೇಯರ್ ಅವುಗಳನ್ನು ಒಪ್ಪಲೇ ಇಲ್ಲ. ಡಿ.ವಿ.ಡಿ. ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿಕೊಂಡಿದ್ದು, ಇಂಗ್ಲೆಂಡಿನದು ಎರಡನೆಯ ವಲಯವೆಂದೂ ಭಾರತದ್ದು ಐದನೆಯದೆಂದೂ, ಅಲ್ಲಿ ಕೊಂಡ ತಟ್ಟೆ ಇಲ್ಲಿಯ ಯಂತ್ರದಲ್ಲಿ ಸುಮ್ಮನೆ ತಿರುಗಿ ನಿಲ್ಲುತ್ತದೆಂದೂ ನನಗೆ ಗೊತ್ತಿರಲಿಲ್ಲ. ಕೊಪ್ಪೀಕರ್ ರಸ್ತೆಯ ಬಳಿಯ ರಿಪೇರಿ ಅಂಗಡಿಯ ಹುಡುಗ ರಿಮೋಟಿನಲ್ಲಿ ನಾಲ್ಕೈದು ಅಂಕಿ ಒತ್ತಿ ಆ ಬೀಗ ತೆಗೆದುಕೊಟ್ಟ. ‘ಈ ಮಷಿನ್ ಇನ್ನೂ ಇಟ್ಟೀರೇನ್ರಿ’ ಎಂದು ಕೇಳಿ ನಕ್ಕ. ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.

ತಟ್ಟೆಯಲ್ಲಿ ನೋಡುವುದಕ್ಕೂ ಟಿ.ವಿ.ಯಲ್ಲಿ ಬಂದದ್ದನ್ನು ಬಂದಂತೆ ನೋಡುವುದಕ್ಕೂ ಇರುವ ಅಂತರವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಾನು ಹೇಳಬೇಕೆಂದಿರುವ ಮಾತು ಅದರ ಮೇಲೆಯೇ ನಿಂತಿದೆ. ಎಂಬತ್ತರ ದಶಕದಲ್ಲಿ ಈ ಊರಿನ ಓಣಿಗಳಲ್ಲಿ ವಿ.ಸಿ.ಆರ್. ಮತ್ತು ಕಲರ್ ಟಿ.ವಿ.ಯನ್ನು ರಾತ್ರಿಯ ಬಾಡಿಗೆಗೆ ತಂದು, ಬಾಡಿಗೆ ಮೈಮೇಲೆ ಬರಬಾರದೆಂದು ಬೆಳಗಾಗುವುದರೊಳಗೆ ಮೂರು ಸಿನಿಮಾ ಮುಗಿಸುತ್ತಿದ್ದ ಕಾಲವೊಂದಿತ್ತು. ಈಗಿನದು ಅದರ ತಿರುವುಮುರುವು. ಧಾರಾವಾಹಿಯ ಮಾತು ಡೇನಿಷಿನಲ್ಲಿದೆ, ಕೆಳಗೆ ಬರುವ ಬರಹ ಇಂಗ್ಲಿಷಿನಲ್ಲಿದೆ, ನಮ್ಮ ಮನೆಯವರಿಗೆ ಎರಡೂ ಬರುವುದಿಲ್ಲ. ಹೀಗಾಗಿ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳಬೇಕು. ಹೇಳಿದ್ದಕ್ಕೆ ಅವರು ಪ್ರಶ್ನೆ ಕೇಳಬೇಕು. ಉತ್ತರ ಹೊಳೆಯದೆ ನಾನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಬೇಕು. ಒಂದು ಗಂಟೆಯ ಕಂತಿಗೆ ನಮಗೆ ಎರಡು ಗಂಟೆ ಹಿಡಿಯುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ನಾನು ಲೆಕ್ಕದ ಮನುಷ್ಯ, ಕಥೆಯ ಗಂಟು ಬೇಗ ಬಿಡಿಸಿದೆನೆಂದುಕೊಂಡು ಮುಂದೆ ಹೋಗುವವನು. ನಿಲ್ಲಿಸಿ ಕೇಳುವವರು ಅವರೇ.

ಮೊದಲ ಕಂತಿನಲ್ಲಿಯೇ ಒಂದು ರಸೀದಿ ಬರುತ್ತದೆ. ಅಧಿಕಾರದಲ್ಲಿರುವ ಪ್ರಧಾನಿ ಲಂಡನ್ನಿನಲ್ಲಿ ಅನಿವಾರ್ಯ ಗಳಿಗೆಯೊಂದರಲ್ಲಿ ತನ್ನ ಹೆಂಡತಿಯ ಖರೀದಿಗೆ ಸರಕಾರದ ಕಾರ್ಡಿನಿಂದ ಹಣ ಕೊಟ್ಟುಬಿಡುತ್ತಾನೆ. ಕೈಚೀಲ ಕೊಂಡ ಆ ರಸೀದಿ ಕೈಯಿಂದ ಕೈಗೆ ದಾಟಿ, ಚುನಾವಣೆಯ ಮುನ್ನಾದಿನಗಳಲ್ಲಿ ಬಿರ್ಗಿಟ್ಟೆಯ ಮಾಧ್ಯಮ ಸಲಹೆಗಾರ ಕಾಸ್ಪರನ ಕೈ ಸೇರುತ್ತದೆ. ಆತ ಅದನ್ನು ತಂದು ಅವಳ ಮುಂದೆ ಹಿಡಿಯುತ್ತಾನೆ, ಅವಳು ಬೇಡವೆನ್ನುತ್ತಾಳೆ. ‘ಅಲ್ರೀ, ಒಂದೀಟ ನಿಲ್ಲಸ್ರಿ. ಕೈಗೆ ಬಂದದ್ದನ್ನ ಯಾಕ ಬ್ಯಾಡ ಅಂದ್ಲು ಆಕಿ?’ ಎಂದು ನಮ್ಮವರು ಕೇಳಿದರು. ನಾನು, ಆಕೆ ಒಳ್ಳೆಯವಳು, ಅದಕ್ಕೆ, ಎಂದೆ. ‘ಒಳ್ಳೇಕಿ ಅಂತ ಅಲ್ಲ. ಆ ಚೀಟಿ ತೋರಿಸಿದ್ರ ನಾಳಿಂದ ಎಲ್ಲಾರೂ ಆಕಿ ಹತ್ರನೂ ಚೀಟಿ ಹುಡುಕ್ತಾರ’ ಎಂದರು. ಅದೇ ಕಂತಿನಲ್ಲಿ ಮತ್ತೊಬ್ಬ ನಾಯಕ ಆ ರಸೀದಿಯನ್ನು ಟಿ.ವಿ. ಚರ್ಚೆಯಲ್ಲಿ ನೇರಪ್ರಸಾರದಲ್ಲಿ ಎತ್ತಿ ಹಿಡಿಯುತ್ತಾನೆ. ಪ್ರಧಾನಿಯೂ ಮುಳುಗುತ್ತಾನೆ, ಎತ್ತಿ ಹಿಡಿದವನೂ ಜನರ ಕಣ್ಣಿನಲ್ಲಿ ಇಳಿಯುತ್ತಾನೆ. ನಮ್ಮ ಮನೆಯವರ ಊಹೆ ನನ್ನದಕ್ಕಿಂತ ಹತ್ತಿರವಿತ್ತು.

ಎರಡನೆಯ ಕಂತಿನಿಂದ ಲೆಕ್ಕ ಶುರುವಾಗುತ್ತದೆ. ಡೇನಿಷ್ ಸಂಸತ್ತಿನಲ್ಲಿ 179 ಸ್ಥಾನಗಳು, ಅವುಗಳಲ್ಲಿ ನಾಲ್ಕು ಗ್ರೀನ್‌ಲ್ಯಾಂಡ್ ಮತ್ತು ಫರೋ ದ್ವೀಪಗಳವು. ಬಹುಮತಕ್ಕೆ 90 ಬೇಕು. ಅಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಯಾವ ಪಕ್ಷವೂ ತಾನೊಂದೇ ಆ ಗೆರೆ ದಾಟಿಲ್ಲ, ಹಾಗಾಗಿ ಅನೇಕ ಚುನಾವಣೆಗಳ ನಂತರ ಪಕ್ಷಗಳ ನಾಯಕರು ಒಬ್ಬೊಬ್ಬರಾಗಿ ಹೋಗಿ ಯಾರಿಗೆ ಅವಕಾಶ ಕೊಡಬೇಕೆಂದು ತಮ್ಮ ಸಲಹೆಯನ್ನು ಅರಮನೆಗೆ ತಿಳಿಸುತ್ತಾರೆ. ಅಲ್ಲಿ ರಾಣಿಯಿದ್ದ ಕಾಲದಲ್ಲಿ ಇದಕ್ಕೆ ‘ರಾಣಿಯ ಸುತ್ತು’ ಎನ್ನುತ್ತಿದ್ದರು. ಅಲ್ಲಿಂದ ಮುಂದೆ ಚೌಕಾಸಿ. ತೆರಿಗೆ ಎಷ್ಟು, ವಲಸಿಗರ ವಿಷಯದಲ್ಲಿ ಎಷ್ಟು ಬಿಗಿ, ಹಣಕಾಸು ಖಾತೆ ಯಾರಿಗೆ, ಸಂಪುಟದ ಹೊರಗಿದ್ದೇ ಬೆಂಬಲಿಸುವವರು ಯಾರು ಎಂಬುದನ್ನೆಲ್ಲ ಬಿರ್ಗಿಟ್ಟೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯುತ್ತ ಕೂಡಿಸುತ್ತಾಳೆ, ಕಳೆಯುತ್ತಾಳೆ. ಇದನ್ನು ನೋಡುತ್ತ ನಮ್ಮವರು ‘ಇದು ಥೇಟ್ ಬೀಗತನದ ಮಾತುಕತಿ ಇದ್ದಂಗೈತಿ’ ಎಂದರು. ಹೌದೆನಿಸಿತು. ಕೊಡುವುದು, ಬಿಡುವುದು, ಮುನಿಸಿಕೊಂಡು ಎದ್ದು ಹೋದ ಹಿರಿಯರನ್ನು ಪಡಸಾಲೆಗೆ ಮತ್ತೆ ಕರೆತರುವುದು, ಎಲ್ಲ ಮುಗಿಯಿತೆನ್ನುವಾಗ ಚಹಾದ ಕಪ್ಪು ಕೆಳಗಿಟ್ಟು ಒಬ್ಬ ಸೋದರಮಾವ ಹೊಸ ತಕರಾರು ತೆಗೆಯುವುದು: ಒಂದೂ ಬಿಟ್ಟಿಲ್ಲ.

ನಮಗೆ ಈ ಲೆಕ್ಕ ಹೊಸದೇನಲ್ಲ. 2018ರ ಮೇ ತಿಂಗಳಲ್ಲಿ 222 ಕ್ಷೇತ್ರಗಳ ಫಲಿತಾಂಶ ಬಂದಾಗ 104, 78, 37 ಎಂಬ ಮೂರು ಪಕ್ಷಗಳ ಅಂಕಿಗಳನ್ನು ಈ ನಾಡಿನ ಮಕ್ಕಳೂ ಬಾಯಿಪಾಠ ಮಾಡಿದ್ದರು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಿಂದ ಗೆದ್ದ, ತಮ್ಮ ಪಕ್ಷದ ಏಕೈಕ ಶಾಸಕರಾಗಿದ್ದವರು ಆ ದಿನಗಳಲ್ಲಿ ಎರಡೂ ಕಡೆಯವರಿಗೆ ಬೇಕಾದವರಾಗಿದ್ದರು. ಹದಿನಾಲ್ಕು ತಿಂಗಳ ನಂತರ, 2019ರ ಜುಲೈ 23ರಂದು, ಆಗ ರಚನೆಯಾಗಿದ್ದ ಮೈತ್ರಿ ಸರಕಾರ 99ಕ್ಕೆ 105ರಂತೆ ಬಿದ್ದಿತು. ಅಷ್ಟೇಕೆ, ನಮ್ಮ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೇ 2021ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂದಾಗ 82 ವಾರ್ಡುಗಳಲ್ಲಿ ಅತಿ ದೊಡ್ಡ ಪಕ್ಷಕ್ಕೆ ದೊರೆತದ್ದು 39. ಮೇಯರ್ ಆಯ್ಕೆಯಲ್ಲಿ ಶಾಸಕರ, ಸಂಸದರ ಮತಗಳನ್ನೂ ಸೇರಿಸಿ ಎಣಿಸುವುದರಿಂದ ಚಹಾದಂಗಡಿಗಳಲ್ಲಿ ಕುಳಿತವರೆಲ್ಲ ಬೆರಳು ಮಡಚಿ ಕೂಡಿಸಿದ್ದು ನೆನಪಿದೆ.

ಆದರೆ ಇದರಲ್ಲಿ ನಾವು ಕಣ್ಣಾರೆ ನೋಡಿದ್ದು ಏನು? ಬಸ್ಸು. ರೆಸಾರ್ಟಿನ ಗೇಟು. ಕಿಟಕಿಯ ಪರದೆ ಸರಿಸಿ ಮುಚ್ಚಿದ ಒಂದು ಕೈ. ಒಳಗೆ ಯಾರು ಏನು ಕೇಳಿದರು, ಯಾರು ಏನು ಬಿಟ್ಟುಕೊಟ್ಟರು, ಯಾವುದಕ್ಕೆ ನಾಚಿದರು, ಯಾವುದಕ್ಕೆ ನಾಚಲಿಲ್ಲ ಎಂಬುದು ಗೇಟಿನಿಂದ ಈಚೆಗೆ ಬರಲಿಲ್ಲ. ವಾಹಿನಿಗಳ ತಪ್ಪೆಂದು ಪೂರ್ತಿ ಹೇಳಲಾರೆ, ಅವರ ಕ್ಯಾಮರಾಕ್ಕೆ ಗೇಟಿನೊಳಗೆ ಪ್ರವೇಶವಿರಲಿಲ್ಲ. ಕಥೆಗೆ ಮಾತ್ರ ಆ ಪ್ರವೇಶವಿದೆ. ಕಥೆ ಬರೆಯುವವನು ಗೇಟು ದಾಟಿ, ಮಾತುಕತೆಯ ಮೇಜಿನ ಬಳಿಯೇ ನಮ್ಮನ್ನು ಕೂರಿಸಬಲ್ಲ. ಹಾಗೆ ಕೂತಾಗ ಒಂದು ಸಂಗತಿ ನಿಚ್ಚಳವಾಗುತ್ತದೆ: ಚೌಕಾಸಿಯೆಲ್ಲ ದ್ರೋಹವಲ್ಲ. ಹತ್ತು ಜನರ ಮಾತು ಹತ್ತಾಗಿರುವಲ್ಲಿ ಆಡಳಿತ ನಡೆಯಬೇಕಾದರೆ ಯಾರೋ ಏನನ್ನೋ ಬಿಡಲೇಬೇಕು. ಯಾವುದನ್ನು ಬಿಟ್ಟರೆ ರಾಜಿ, ಯಾವುದನ್ನು ಬಿಟ್ಟರೆ ಮಾರಾಟ ಎಂದು ತೂಗುವ ಅಭ್ಯಾಸ ನೋಡುಗನಿಗೆ ಆಗಬೇಕಿದ್ದರೆ ಬಸ್ಸಿನ ಹಿಂಬದಿ ನೋಡಿ ಆಗುವುದಿಲ್ಲ.

ಇನ್ನೊಂದು ದೃಶ್ಯವನ್ನು ಹೇಳಲೇಬೇಕು. ಮೊದಲ ಸರಣಿಯ ಕೊನೆಯ ಭಾಗದಲ್ಲಿ ಬಿರ್ಗಿಟ್ಟೆಯ ಗಂಡ ಫಿಲಿಪ್‌ಗೆ ಬಹಳ ದಿನಗಳ ಮೇಲೆ ದೊಡ್ಡ ಹುದ್ದೆಯೊಂದು ಸಿಗುತ್ತದೆ. ಮಕ್ಕಳಿಗಾಗಿ, ಮನೆಗಾಗಿ ತನ್ನ ಸರದಿ ಬಿಟ್ಟುಕೊಟ್ಟು ಕೂತವನು. ಆದರೆ ಆ ಕಂಪನಿಗೂ ಸರಕಾರ ಕೊಳ್ಳಲಿರುವ ಯುದ್ಧವಿಮಾನಗಳ ಗುತ್ತಿಗೆಗೂ ಸಂಬಂಧವಿದೆಯೆಂದು ಗೊತ್ತಾದಾಗ, ಆ ಹುದ್ದೆ ಬಿಡುವಂತೆ ಪ್ರಧಾನಿಯೇ ತನ್ನ ಗಂಡನನ್ನು ಕೇಳಬೇಕಾಗುತ್ತದೆ. ಅವರ ಸಂಸಾರ ಅಲ್ಲಿಂದ ಮತ್ತೆ ಸರಿಹೋಗುವುದಿಲ್ಲ. ಈ ಕಂತು ನೋಡಿದ ರಾತ್ರಿ ನಾವು ಪ್ಲೇಯರ್ ಆರಿಸಿ ಬಹಳ ಹೊತ್ತು ಕೂತಿದ್ದೆವು. ನಮ್ಮ ರಾಜ್ಯದಲ್ಲಿ 1987ರಲ್ಲಿಯೇ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಾಯಿತು. 2010ರಿಂದ ಪಂಚಾಯತಿಗಳಲ್ಲಿ ಅರ್ಧ ಮೀಸಲಾಗಿದೆ. ಹೆಮ್ಮೆಯ ಮಾತೇ ಸರಿ. ಆದರೂ ಅಧ್ಯಕ್ಷೆಯ ಹೆಸರಿನಲ್ಲಿ ಸಭೆಯ ಕುರ್ಚಿಯ ಮೇಲೆ ಅವಳ ಗಂಡ ಕೂಡುವುದನ್ನೂ ಫೋನಿನಲ್ಲಿ ತಾನೇ ಅಧ್ಯಕ್ಷನೆಂದು ಹೇಳಿಕೊಳ್ಳುವುದನ್ನೂ ನೋಡದ ಹಳ್ಳಿಯವರು ಕಡಿಮೆ. ನಮ್ಮವರು ಕುಂದಗೋಳದ ಕಡೆಯ ತಮ್ಮ ತವರಿನ ಸಂಬಂಧಿಕಳೊಬ್ಬಳ ಕಥೆಯನ್ನು ಅಂದು ಮೊದಲ ಬಾರಿಗೆ ನನಗೆ ಹೇಳಿದರು. ಒಂದು ಅವಧಿ ಪೂರ್ತಿ ಸದಸ್ಯೆಯಾಗಿದ್ದವಳು ಪಂಚಾಯತಿ ಕಟ್ಟಡದ ಒಳಗೆ ಹೋಗಿದ್ದು ಮೂರು ಸಲ. ಅದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ‘ನೀವ್ ಕೇಳಿದ್ರೇನು?’ ಎಂದರು.

ಧಾರಾವಾಹಿಯನ್ನು ಅತಿಯಾಗಿ ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅದರ ರಾಜಕೀಯ ನಮ್ಮ ಕಣ್ಣಿಗೆ ತೀರ ತೊಳೆದಿಟ್ಟ ಹಾಗಿದೆ. ಚುನಾವಣೆಗೆ ಹಣ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯೇ ಅಪರೂಪ. ಜಾತಿಯಂತಹದು ಅಲ್ಲಿ ಇಲ್ಲವೆಂಬುದು ಸರಿ, ಆದರೆ ಜಾತಿಯ ಲೆಕ್ಕವಿಲ್ಲದ ಟಿಕೆಟ್ ಹಂಚಿಕೆಯನ್ನು ಊಹಿಸುವುದೇ ನಮಗೆ ಕಷ್ಟವಾಯಿತು. ನಾಯಕಿ ಒಮ್ಮೊಮ್ಮೆ ಇರಬೇಕಾದದ್ದಕ್ಕಿಂತ ಹೆಚ್ಚು ಉದಾತ್ತೆ. ಪತ್ರಕರ್ತರ ಪ್ರೇಮಪ್ರಕರಣಗಳು ಬಂದಾಗ ನಾನು ಎದ್ದು ನೀರು ಕುಡಿದು ಬರುತ್ತೇನೆ. ಎರಡನೆಯ ಸರಣಿ ನನಗೆ ಮೊದಲನೆಯದರಷ್ಟು ಹಿಡಿಸಲಿಲ್ಲ, ನಮ್ಮವರಿಗೆ ಹಿಡಿಸಿತು.

ಇಲ್ಲಿಂದ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ಕನ್ನಡ ಕಿರುತೆರೆಗೆ ಇದು ಮೀರಿದ ಕೆಲಸವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಟಿ.ಎನ್. ಸೀತಾರಾಮ್ ಅವರು ನ್ಯಾಯಾಲಯದ ವಾದವನ್ನು, ರೈತರ, ರಾಜಕಾರಣಿಗಳ ಪ್ರಶ್ನೆಯನ್ನು ಮಧ್ಯಮವರ್ಗದ ಪಡಸಾಲೆಗೆ ತಂದು, ಜನ ಅದನ್ನು ವರ್ಷಗಟ್ಟಲೆ ಕಾದು ನೋಡುವಂತೆ ಮಾಡಿದ್ದನ್ನು ನಾವೇ ನೋಡಿದ್ದೇವೆ. ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು ಶ್ಯಾಮ್ ಬೆನೆಗಲ್ ಅವರು 2014ರಲ್ಲಿ ರಾಜ್ಯಸಭಾ ಟಿ.ವಿ.ಗಾಗಿ ಹತ್ತು ಕಂತುಗಳಲ್ಲಿ ಹಿಂದಿಯಲ್ಲಿ ಮಾಡಿದರು. ಕನ್ನಡದಲ್ಲಿ ವಿಧಾನಸಭೆಯ ಒಳಗನ್ನೇ ಕಥೆಯ ಮನೆಯಾಗಿ ಇಟ್ಟುಕೊಂಡ ಹತ್ತು ಕಂತುಗಳು ಬರಲಿ ಎಂಬುದು ನನ್ನ ಆಸೆ. ಸಾವಿರ ಕಂತು ಬೇಡ. ಹತ್ತೇ ಸಾಕು.

ಕಥೆಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದಿದ್ದ ಎಸ್.ಆರ್. ಬೊಮ್ಮಾಯಿ ಅವರು 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. ಮರುವರ್ಷದ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ ಒಂದೆರಡು ದಿನಗಳಲ್ಲಿಯೇ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿತ್ತೆಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಹೇಳಿದರೂ ಏಪ್ರಿಲ್ 21ರಂದು ಸರಕಾರ ವಜಾ ಆಗಿ ರಾಷ್ಟ್ರಪತಿ ಆಡಳಿತ ಬಂದಿತು. ಆ ಸಂಜೆ ದುರ್ಗದಬೈಲಿನಲ್ಲಿ ರೇಡಿಯೋದ ಸುತ್ತ ನಿಂತಿದ್ದವರಲ್ಲಿ ನಾನೂ ಒಬ್ಬ. ‘ಹತ್ತೊಂಬತ್ತರಾಗ ಏಳು ಕಳದ್ರ ಎಷ್ಟಾತು?’ ಎಂದು ಯಾರೋ ಕೇಳಿದ್ದು, ಯಾರೂ ಉತ್ತರಿಸದೆ ಇದ್ದುದು ಇಂದಿಗೂ ಕಿವಿಯಲ್ಲಿದೆ. ಐದು ವರ್ಷಗಳ ಮೇಲೆ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಸರಕಾರದ ಬಹುಮತ ತೀರ್ಮಾನವಾಗಬೇಕಾದ ಜಾಗ ರಾಜಭವನವಲ್ಲ, ಸದನದ ಅಂಗಳ ಎಂದು ಹೇಳಿತು. ಆ ಹೊತ್ತಿಗೆ ಚುನಾವಣೆ ನಡೆದು ಬೇರೆ ಸರಕಾರ ಬಂದಿತ್ತು; ವಜಾ ಆದದ್ದು ಮರಳಲಿಲ್ಲ. ಆದರೆ ದೇಶದಲ್ಲಿ ಎಲ್ಲಿ ಸರಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಮೊದಲು ಬರುವುದು ಬೊಮ್ಮಾಯಿ ಪ್ರಕರಣವೆಂಬ ಮಾತು. 2018ರಲ್ಲಿ ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಗಡುವು ಮೊಟಕಾಗಿ ಮೇ 19ರ ಸಂಜೆ ನಾಲ್ಕಕ್ಕೆ ಇಳಿದದ್ದರ ಹಿಂದೆ ಇರುವುದೂ ಅದೇ ತತ್ವ.

ಡೆನ್ಮಾರ್ಕಿನ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಬೆರಗಾಯಿತು. ಅಲ್ಲಿ ಸರಕಾರವು ತನಗೆ 90 ಇದೆಯೆಂದು ಸಾಬೀತು ಮಾಡುವ ಅಗತ್ಯವೇ ಇಲ್ಲ. ತನಗೆ ವಿರುದ್ಧವಾಗಿ ಬಹುಮತ ನಿಲ್ಲದಿದ್ದರೆ ಸಾಕು, ಅಧಿಕಾರ ನಡೆಸಬಹುದು. ವಿರೋಧಿಸುವವರು ಸದನದಲ್ಲಿ ಎದ್ದು ನಿಂತು ಎಣಿಸಿಕೊಳ್ಳಬೇಕು. ಬೊಮ್ಮಾಯಿ ಅವರು ಕೇಳಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ: ಕಾಗದದ ಮೇಲಲ್ಲ, ಎದುರು ನಿಲ್ಲಿಸಿ ಎಣಿಸಿ. ಈ ಸಂಗತಿ ನಾನು ಪತ್ರಿಕೆಗಳಲ್ಲಿ ಹತ್ತಾರು ಸಲ ಓದಿದವನೇ. ಆದರೆ ರಿಮೋಟು ಕೈಯಲ್ಲಿ ಹಿಡಿದು, ನಿಲ್ಲಿಸಿ, ನಮ್ಮ ಮನೆಯವರಿಗೆ ಕನ್ನಡದಲ್ಲಿ ಹೇಳಿಕೊಡುವಾಗ ಮಾತ್ರ ಅದು ನನ್ನೊಳಗೆ ಸರಿಯಾಗಿ ಕೂತಿತು.

ಅಲ್ಲಿಯ ರಸೀದಿಯಂತೆ ಇಲ್ಲಿಯ ಪತ್ರಗಳಲ್ಲಿಯೂ ಒಂದು ಪೂರ್ತಿ ಕಂತು ಇದೆ. ಆ ಏಳು ಜನರಲ್ಲಿ ಒಬ್ಬರನ್ನು ಕಲ್ಪಿಸಿಕೊಂಡು, ಸಹಿ ಮಾಡಿದ ರಾತ್ರಿಗೂ ಅದನ್ನು ಹಿಂಪಡೆದ ಬೆಳಗಿಗೂ ನಡುವೆ ಅವರ ಮನೆಯ ಪಡಸಾಲೆಯಲ್ಲಿ ಯಾರು ಬಂದು ಕೂತರು, ಹೆಂಡತಿ ಏನು ಕೇಳಿದಳು, ಊರಿನವರು ಏನು ಹೇಳಿ ಕಳಿಸಿದ್ದರು ಎಂಬುದನ್ನು ಬರೆಯಬಲ್ಲ ಲೇಖಕರು ಧಾರವಾಡದಲ್ಲಿ ಇಲ್ಲವೇ? ಆಡಬಲ್ಲ ನಟರು ಇಲ್ಲಿಯ ರಂಗಾಯಣದಲ್ಲಿ, ಊರೂರಿನ ಹವ್ಯಾಸಿ ತಂಡಗಳಲ್ಲಿ ಇದ್ದಾರೆ. ದೂರದರ್ಶನದ ಚಂದನ ವಾಹಿನಿ ಇಂತಹ ಪ್ರಸ್ತಾವವೊಂದನ್ನು ಆಹ್ವಾನಿಸಲಿ. ಪಾತ್ರಗಳು ಗದಗ, ಹಾವೇರಿ, ಹುಬ್ಬಳ್ಳಿಯ ಮಾತನ್ನೇ ಆಡಲಿ. ಉತ್ತರ ಕರ್ನಾಟಕದ ಕನ್ನಡವನ್ನು ಕಿರುತೆರೆಯವರು ನಗಿಸುವ ಪಾತ್ರಗಳಿಗೆ ಮಾತ್ರ ಕೊಡುವ ಚಾಳಿ ಇದೊಂದರಲ್ಲಾದರೂ ಬೇಡ.

ಜೊತೆಗೆ ಸಣ್ಣ ಬೇಡಿಕೆಯೊಂದು. ಹೊರಗಿನ ಇಂತಹ ಧಾರಾವಾಹಿಗಳನ್ನು ನಮಗೆ ಒದಗಿಸುವವರು, ತಟ್ಟೆಯಲ್ಲಾಗಲಿ ಮೊಬೈಲಿನಲ್ಲಾಗಲಿ, ಕೆಳಗಿನ ಬರಹವನ್ನು ಕನ್ನಡದಲ್ಲಿಯೂ ಕೊಡಬೇಕು. ನನ್ನ ಭಾಷಾಂತರದಿಂದ ನಮ್ಮವರಿಗೆ ತೃಪ್ತಿಯಿಲ್ಲ. ಮೂರು ಸಾಲಿನ ಮಾತನ್ನು ನಾನು ಒಂದು ಸಾಲಿಗೆ ಇಳಿಸುತ್ತೇನೆಂದೂ, ಬಿಟ್ಟ ಎರಡು ಸಾಲಿನಲ್ಲಿಯೇ ಕಾರಣ ಇರುತ್ತದೆಂದೂ ಅವರ ದೂರು. ಆ ದೂರು ನ್ಯಾಯವಾದದ್ದೇ.

ಮೂರನೆಯ ಸರಣಿಯ ಪೆಟ್ಟಿಗೆ ನಮ್ಮಲ್ಲಿಲ್ಲ. ಅಕ್ಕನ ಮಗ ಬರುವುದು ಇನ್ನು ಬೇಸಿಗೆಗೆ. ಹುಬ್ಬಳ್ಳಿ-ಧಾರವಾಡದ ಓದುಗರಲ್ಲಿ ಯಾರಲ್ಲಾದರೂ ಅದಿದ್ದು, ಒಂದು ವಾರದ ಮಟ್ಟಿಗೆ ಎರವಲು ಕೊಡುವ ಮನಸ್ಸಿದ್ದರೆ ತಮ್ಮ ಕಚೇರಿಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ. ಎರಡನೆಯ ವಲಯದ್ದಾದರೂ ಅಡ್ಡಿಯಿಲ್ಲ, ನಮ್ಮ ಯಂತ್ರದ ಬೀಗ ತೆಗೆಸಿದ್ದೇವೆ.

ತಮ್ಮ ವಿಶ್ವಾಸದ,
ಹಳೆಯ ಓದುಗ,
ವಿದ್ಯಾನಗರ, ಹುಬ್ಬಳ್ಳಿ